ಬಿಸಿಲಿನಿಂದ ಚರ್ಮವು ಸುಕ್ಕುಗಟ್ಟುವುದೇಕೆ?



ಈ ಲೇಖನವನ್ನು ಮುಂದೆ ಓದುವ ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿರಿ. ಹಗಲಿನ ಬೆಳಕಿನಲ್ಲಿ ಕುಳಿತು ತೋಳನ್ನು ಮೇಲೆತ್ತಿ, ಕಂಕುಳಿನ ಸಮೀಪದ ಒಳತೋಳಿನ ಚರ್ಮವನ್ನು ಮುಟ್ಟಿ ನೋಡಿರಿ. ಅನಂತರ ಅದೇ ಕೈಯ ಹಸ್ತದ ಹಿಂಬದಿಯನ್ನು ನೋಡಿರಿ. ಕತ್ತಿನ ಹಿಂಭಾಗವನ್ನು ಮಾತ್ರ ಯಾರೂ ತಾವೇ ನೋಡಿಕೊಳ್ಳಲಾರರು. ಗಂಡನದನ್ನು ಹೆಂಡತಿಯೂ, ಹೆಂಡತಿಯದನ್ನು ಗಂಡನೂ ನೋಡಬೇಕು.

ಒಳತೋಳಿನ ಚರ್ಮವು ನುಣುಪಾಗಿಯೂ ಮೃದುವಾಗಿಯೂ ಇರುವುದು. ಬೆರಳಿನಿಂದ ಹಿಡಿದೆಳೆದು ಬಿಟ್ಟರೆ ಕೂಡಲೇ ಮೊದಲಿನ ಸ್ಥಿತಿಗೆ ಬರುವುದು. ಕತ್ತಿನ ಹಿಂಭಾಗದ ಚರ್ಮವಾದರೋ ದಪ್ಪಗಾಗಿ, ಒರಟಾಗಿ, ಬೇಸಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳದಂತೆ ಅಡ್ಡಡ್ಡವಾದ ಆಳದ ಗೆರೆಗಳಿಂದ ಕೂಡಿರುವುದು. ಈ ಎರಡೂ ಒಂದೇ ದಿನ ಹುಟ್ಟಿದ, ಒಂದೇ ಅನ್ನವನ್ನುಂಡು ಬೆಳೆದ, ಒಂದೇ ರಕ್ತ ಹರಿಯುವ ಚರ್ಮಗಳು. ವಯಸ್ಸೊಂದೇ ಕಾರಣವಾಗಿದ್ದಲ್ಲಿ ಎರಡೂ ಸಮನಾಗಿ ಮುಪ್ಪಾಗಬೇಕಾಗಿತ್ತು. ಒಂದರ ಮೇಲೆ ಹಲವು ವರ್ಷಗಳ ಬಿಸಿಲು ಬಿದ್ದಿದೆ, ಇನ್ನೊಂದರ ಮೇಲೆ ಬಿದ್ದಿಲ್ಲ. ವ್ಯತ್ಯಾಸವಿರುವುದು ಇಷ್ಟೇ.

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಸುಕ್ಕಿನ ವಿಚಾರವೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವುಂಟು. ನಾನು ಕೆಲಸ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ದಂಪತಿಗಳಿಬ್ಬರು ಬಂದರು. ಹೆಂಡತಿಗೆ ಮೂವತ್ತೆಂಟು ವರ್ಷ. ಮೂರನೆಯ ಹೆರಿಗೆಯ ತರುವಾಯ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಹತ್ತು ವರ್ಷಗಳಾಗಿದ್ದವು. “ಆಪರೇಷನ್ ಆದ ಮೇಲೆ ಇವಳು ಸೊರಗಿ ಹೋದಳು, ಡಾಕ್ಟರೇ. ಮುಖ, ಕತ್ತು, ಕೈ ಎಲ್ಲ ಸುಕ್ಕಾಯಿತು. ಅದಕ್ಕೇ ನನ್ನ ತಮ್ಮನ ಹೆಂಡತಿಗೆ ಮಾಡಿಸುವುದು ಬೇಡವೆಂದುಬಿಟ್ಟೆವು” ಎಂದು ಗಂಡನು ಹೇಳಿದನು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಸುಮ್ಮನೆ ಕುಳಿತಿದ್ದಳು. ತಮ್ಮನ ಹೆಂಡತಿ ಆಗ ನಾಲ್ಕನೆಯ ಬಸಿರಿನಲ್ಲಿದ್ದಳು. ಆಕೆಗೆ ರಕ್ತಹೀನತೆ ಇದ್ದುದು ನಮ್ಮ ಕೇಂದ್ರದ ದಾಖಲೆಯಲ್ಲಿಯೇ ಇತ್ತು.

“ಆಪರೇಷನ್ ಮಾಡಿದ್ದು ಹೊಟ್ಟೆಯಲ್ಲಿ. ಹೊಟ್ಟೆಯ ಚರ್ಮ ಹೇಗಿದೆ?” ಎಂದು ನಾನು ಕೇಳಿದೆ. ಹೆರಿಗೆಯ ಗೆರೆಗಳನ್ನು ಬಿಟ್ಟರೆ ಅದು ನುಣುಪಾಗಿಯೇ ಇದೆ ಎಂದು ಆಕೆ ಹೇಳಿದಳು. ಇಪ್ಪತ್ತು ವರ್ಷಗಳಿಂದ ಕೂಲಿಗೆ ಹೋಗಿ ನಾಟಿ ಹಾಕಿ, ಕಳೆ ಕಿತ್ತು, ಬಿಸಿಲಿಗೆ ಬೆನ್ನೊಡ್ಡಿದ ಹೆಂಗಸು ಆಕೆ. ಆ ದಿನ ಹೊರಗೆ ರೋಗಿಗಳ ಸಾಲು ಉದ್ದವಾಗಿತ್ತು. ನಾನು ಎರಡು ಮಾತು ಹೇಳಿ ಕಳುಹಿಸಿಬಿಟ್ಟೆ. ಸರಿಯಾಗಿ ವಿವರಿಸಬೇಕಾಗಿತ್ತೆಂದು ಆಮೇಲೆ ಅನ್ನಿಸಿತು. ಆ ವಿವರಣೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಸ್ತ್ರಚಿಕಿತ್ಸೆಯ ವಿಷಯವನ್ನು ಮುಗಿಸಿಬಿಡೋಣ. ಸಂತಾನಶಕ್ತಿಹರಣ ಚಿಕಿತ್ಸೆಯಲ್ಲಿ ಅಂಡವು ಸಾಗಿಬರುವ ನಾಳಗಳನ್ನು ಮಾತ್ರ ಕಟ್ಟಿ ಮುಚ್ಚಲಾಗುವುದು. ಅಂಡಾಶಯಗಳು ತಮ್ಮ ಸ್ಥಾನದಲ್ಲಿಯೇ ಇದ್ದು, ಸ್ತ್ರೀ ಹಾರ್ಮೋನುಗಳನ್ನು ಎಂದಿನಂತೆ ಒದಗಿಸುತ್ತವೆ. ಮುಟ್ಟು ಎಂದಿನಂತೆ ಆಗುವುದು. ಆದುದರಿಂದ ಚರ್ಮಕ್ಕೆ ಅದರಿಂದ ಯಾವ ಕೊರತೆಯೂ ಉಂಟಾಗದು. ಪುರುಷರ ಶಸ್ತ್ರಚಿಕಿತ್ಸೆಗೂ ಈ ಮಾತು ಸಲ್ಲುತ್ತದೆ. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕುವ ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಅಂಡಾಶಯಗಳು ಹೋದರೆ ಹಾರ್ಮೋನು ನಿಲ್ಲುತ್ತದೆ, ಮುಟ್ಟು ನಿಂತವರಲ್ಲಿ ಆಗುವಂತೆ ಚರ್ಮವು ತೆಳುವಾಗುತ್ತದೆ. ಈ ಎರಡನ್ನೂ ‘ಆಪರೇಷನ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಹಳ್ಳಿಗಳಲ್ಲಿ ಅರ್ಧದಷ್ಟು ಗೊಂದಲ ಹುಟ್ಟಿಕೊಂಡಿದೆಯೆಂದು ನನಗನ್ನಿಸುತ್ತದೆ.

ಒಳಚರ್ಮದ ಮೂರೆಳೆಯ ಹುರಿ

ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಮೇಲ್ಚರ್ಮ. ಅದು ಕಾಗದದಂತೆ ತೆಳುವಾದುದು. ಅದರ ಕೋಶಗಳು ತಳದಲ್ಲಿ ಹುಟ್ಟಿ, ಮೇಲಕ್ಕೆ ಬಂದು, ಸತ್ತು, ಉದುರಿಹೋಗುತ್ತಿರುತ್ತವೆ. ಸ್ನಾನ ಮಾಡುವಾಗ ಮೈಯುಜ್ಜಿದರೆ ಬರುವ ಮಣ್ಣಿನಂಥ ಸುರುಳಿಯಲ್ಲಿ ಹೆಚ್ಚಿನ ಪಾಲು ಈ ಸತ್ತ ಕೋಶಗಳೇ. ಅದರ ಕೆಳಗಿರುವುದು ಒಳಚರ್ಮ. ಇದು ಮೇಲ್ಚರ್ಮಕ್ಕಿಂತ ಹಲವು ಪಟ್ಟು ದಪ್ಪವಾದುದು. ರಕ್ತನಾಳಗಳೂ ನರಗಳೂ ಬೆವರಿನ ಗ್ರಂಥಿಗಳೂ ಕೂದಲಿನ ಬೇರುಗಳೂ ಇರುವುದು ಇಲ್ಲಿಯೇ. ಚರ್ಮಕ್ಕೆ ಬಿಗಿಯನ್ನೂ ಬಲವನ್ನೂ ಕೊಡುವುದು ಈ ಒಳಚರ್ಮವೇ.

ಒಳಚರ್ಮದಿಂದ ನೀರನ್ನು ತೆಗೆದು ತೂಗಿದರೆ ಉಳಿದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಒಂದೇ ವಸ್ತುವಿನದು. ಅದರ ಹೆಸರು ಕೊಲಾಜೆನ್. ಇದೊಂದು ಸಸಾರಜನಕ, ಅಂದರೆ ಪ್ರೋಟೀನು. ಹೆಸರು ಹೊಸದಾದರೂ ವಸ್ತುವನ್ನು ನೀವು ದಿನವೂ ಮೆಟ್ಟಿ ನಡೆಯುತ್ತೀರಿ. ತೊಗಲು ಹದ ಮಾಡುವ ಕಸುಬುದಾರರು ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲನ್ನೂ ಮೇಲ್ಚರ್ಮವನ್ನೂ ತೆಗೆದುಬಿಡುವರು. ಉಳಿಯುವುದು ಒಳಚರ್ಮ, ಎಂದರೆ ಬಹುಪಾಲು ಕೊಲಾಜೆನ್. ಚಪ್ಪಲಿಯ ಅಟ್ಟೆಗೆ ಅಷ್ಟು ಗಟ್ಟಿತನ ಬಂದಿರುವುದು ಅದರಿಂದಲೇ.

ಈ ಕೊಲಾಜೆನ್ನಿನ ರಚನೆಯನ್ನು ಕಂಡುಹಿಡಿದವರು ನಮ್ಮವರೇ ಎಂಬುದನ್ನು ಇಲ್ಲಿ ಹೇಳಲೇಬೇಕು. 1954ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೂ ಕಾಂಗರೂ ಪ್ರಾಣಿಯ ಬಾಲದ ಸ್ನಾಯುಬಂಧವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಕೊಲಾಜೆನ್ ಅಣುವಿನಲ್ಲಿ ಮೂರು ಎಳೆಗಳಿವೆ ಎಂದು ತೋರಿಸಿಕೊಟ್ಟರು. ಮುಂದೆ 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ನೆಲೆಸಿ ಸಂಶೋಧನೆಯನ್ನು ಮುಂದುವರಿಸಿದರು.

ಹಗ್ಗ ಹೊಸೆಯುವುದನ್ನು ನೀವು ಬಲ್ಲಿರಿ. ಒಂಟಿ ಎಳೆಯನ್ನು ಕೈಯಿಂದ ಕಿತ್ತುಹಾಕಬಹುದು, ಮೂರು ಎಳೆಗಳನ್ನು ಹೊಸೆದ ಹುರಿಯನ್ನು ಕೀಳಲಾಗದು. ಕೊಲಾಜೆನ್ ಕೂಡ ಹಾಗೆಯೇ. ಮೂರು ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡು ಒಂದು ಹುರಿ. ಇಂಥ ಹುರಿಗಳು ಅನೇಕ ಸೇರಿ ಒಂದು ನಾರು. ನಾರುಗಳು ಅಡ್ಡಡ್ಡವಾಗಿ ಹೆಣೆದುಕೊಂಡು ಹೊರಸಿನ ಹಗ್ಗದ ಹೆಣಿಗೆಯಂತೆ ಒಳಚರ್ಮದ ತುಂಬ ಹರಡಿರುತ್ತವೆ. ಈ ಹೆಣಿಗೆಯ ನಡುವೆ ಅಲ್ಲಲ್ಲಿ ನಾರುಜನಕ ಕೋಶಗಳೆಂಬ ಜೀವಕೋಶಗಳಿರುತ್ತವೆ. ಹೊಸ ನಾರನ್ನು ತಯಾರಿಸುವವು ಅವೇ. ಆದರೆ ಅವುಗಳ ಕೆಲಸ ಬಹಳ ನಿಧಾನ. ವಯಸ್ಕರ ಚರ್ಮದ ಕೊಲಾಜೆನ್ನಿನಲ್ಲಿ ಅರ್ಧದಷ್ಟು ಹೊಸದಾಗಲು ಅಂದಾಜು ಹದಿನೈದು ವರ್ಷಗಳು ಬೇಕಾಗುವುವು. ಮೇಲ್ಚರ್ಮದ ಗಾಯ ಒಂದೆರಡು ವಾರಗಳಲ್ಲಿ ಮಾಯುವುದನ್ನು ಕಂಡು ಒಳಚರ್ಮವೂ ಹಾಗೆಯೇ ಎಂದು ತಿಳಿಯಬಾರದು.

ಕಾಣದ ಕಿರಣ

ಸೂರ್ಯನಿಂದ ಬರುವ ಬೆಳಕು ಕಣ್ಣಿಗೆ ಕಾಣುತ್ತದೆ, ಶಾಖವು ಮೈಗೆ ತಿಳಿಯುತ್ತದೆ. ಇವೆರಡಲ್ಲದೆ ಕಣ್ಣಿಗೂ ಕಾಣದ, ಮೈಗೂ ತಿಳಿಯದ ಮೂರನೆಯದೊಂದು ಬರುತ್ತಿರುತ್ತದೆ. ಅದುವೇ ನೇರಳಾತೀತ ಕಿರಣ. ಕಾಮನಬಿಲ್ಲಿನಲ್ಲಿ ನೇರಳೆ ಬಣ್ಣ ಮುಗಿದ ಬಳಿಕ ಇರುವುದಾದುದರಿಂದ ಈ ಹೆಸರು. ನಮ್ಮನ್ನು ತಲಪುವ ಈ ಕಿರಣಗಳಲ್ಲಿ ಎರಡು ಬಗೆಗಳಿವೆ. ‘ಬಿ’ ಕಿರಣವು ಮೇಲ್ಚರ್ಮದಲ್ಲಿಯೇ ಬಹುಮಟ್ಟಿಗೆ ನಿಂತುಹೋಗುತ್ತದೆ. ಚರ್ಮ ಸುಟ್ಟಂತಾಗಿ ಉರಿಯುವುದು ಅದರಿಂದ. ‘ಎ’ ಕಿರಣವು ಉರಿಯನ್ನುಂಟುಮಾಡದೆ ಸದ್ದಿಲ್ಲದೆ ಒಳಚರ್ಮದವರೆಗೂ ಇಳಿಯುತ್ತದೆ. ನೆಲವನ್ನು ಮುಟ್ಟುವ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಈ ‘ಎ’ ಜಾತಿಯವೇ.

ಹೊಲದಲ್ಲಿ ವರ್ಷಗಟ್ಟಲೆ ಬಿಟ್ಟ ನೈಲಾನ್ ಹಗ್ಗವು ಬಿಸಿಲಿಗೆ ಪುಡಿಪುಡಿಯಾಗುವುದನ್ನು ನೀವು ನೋಡಿರುವಿರಿ. ಅದನ್ನು ಕಿರಣಗಳು ನೇರವಾಗಿ ಕಡಿಯುತ್ತವೆ. ಆದರೆ ಜೀವಂತ ಚರ್ಮದಲ್ಲಿ ನಡೆಯುವ ಕಾರ್ಯ ವಿಚಿತ್ರವಾದುದು. ಅಲ್ಲಿ ಹುರಿಯನ್ನು ಹೆಚ್ಚಾಗಿ ಕತ್ತರಿಸುವುದು ಬಿಸಿಲಲ್ಲ, ನಮ್ಮ ಶರೀರವೇ.

ಕಿರಣವು ಬಿದ್ದೊಡನೆ ಚರ್ಮದ ಕೋಶಗಳಲ್ಲಿ ಉಗ್ರಸ್ವಭಾವದ ಆಮ್ಲಜನಕದ ಕಣಗಳು ಉಂಟಾಗುತ್ತವೆ. ಕೋಶಗಳು ಇದನ್ನು ಅಪಾಯದ ಸೂಚನೆಯೆಂದು ತಿಳಿದು ಕೊಲಾಜಿನೇಸ್ ಎಂಬ ಕಿಣ್ವವನ್ನೂ ಅದರ ಜಾತಿಯ ಇತರ ಕಿಣ್ವಗಳನ್ನೂ ತಯಾರಿಸಿ ಹೊರಬಿಡುತ್ತವೆ. ಕೊಲಾಜಿನೇಸ್ ಒಂದು ಕತ್ತರಿ. ಹಲ್ಲಿನಿಂದ ಕಚ್ಚಿದರೂ ಹರಿಯದ ಮೂರೆಳೆಯ ಹುರಿಯನ್ನು ಅದು ಒಂದು ನಿರ್ದಿಷ್ಟ ಸ್ಥಳದಲ್ಲಿ ಕತ್ತರಿಸಿಬಿಡಬಲ್ಲುದು. ಒಮ್ಮೆ ಕತ್ತರಿಸಿದ ಮೇಲೆ ಎಳೆಗಳು ಬಿಚ್ಚಿಕೊಳ್ಳುತ್ತವೆ, ಉಳಿದ ಕಿಣ್ವಗಳು ಅವನ್ನು ಚೂರುಚೂರಾಗಿ ಮಾಡುತ್ತವೆ.

ಈ ಕತ್ತರಿ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? ಕಪ್ಪೆಯ ಮರಿಯ ಬಾಲದಲ್ಲಿ. ಮಳೆಗಾಲದ ಹೊಂಡದಲ್ಲಿ ಗೊದಮೊಟ್ಟೆಗಳು ಬಾಲವಾಡಿಸುತ್ತ ಈಜುವುದನ್ನೂ, ಕೆಲವು ವಾರಗಳಲ್ಲಿ ಆ ಬಾಲ ಮಾಯವಾಗಿ ಕಪ್ಪೆಯಾಗುವುದನ್ನೂ ಎಲ್ಲ ಮಕ್ಕಳೂ ನೋಡಿರುವರು. ಬಾಲ ಉದುರಿಬೀಳುವುದಿಲ್ಲ, ಕರಗಿಹೋಗುತ್ತದೆ. ಕರಗಿಸುವುದು ಯಾವುದೆಂದು ಹುಡುಕಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ವಿಜ್ಞಾನಿಗಳು 1962ರಲ್ಲಿ ಕೊಲಾಜಿನೇಸನ್ನು ಕಂಡುಹಿಡಿದರು. ಗೊದಮೊಟ್ಟೆಗೆ ಅದು ಅವಶ್ಯಕ. ನಮಗೂ ಗಾಯ ಮಾಯುವಾಗ ಹಳೆಯ ನಾರನ್ನು ತೆಗೆಯಲು ಅವಶ್ಯಕ. ಬಿಸಿಲು ಬಿದ್ದಾಗ ಅದೇ ಕತ್ತರಿ ಬೇಡದ ಸಮಯದಲ್ಲಿ ಹೊರಬರುತ್ತದೆ.

1996ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಗ್ಯಾರಿ ಫಿಶರ್, ಜಾನ್ ವೂರ್ಹೀಸ್ ಮತ್ತು ಅವರ ಸಂಗಡಿಗರು ಈ ವಿಷಯವನ್ನು ಮನುಷ್ಯರ ಚರ್ಮದಲ್ಲಿಯೇ ಪರೀಕ್ಷಿಸಿದರು. ಬಿಸಿಲು ಕಾಣದ ಭಾಗದ ಚರ್ಮಕ್ಕೆ ನೇರಳಾತೀತ ಕಿರಣವನ್ನು ಬಿಟ್ಟಾಗ ಕೆಲವೇ ಗಂಟೆಗಳಲ್ಲಿ ಈ ಕಿಣ್ವಗಳು ಏರಿದವು. ಚರ್ಮ ಕೆಂಪಾಗಲು ಸಾಲದಷ್ಟು ಅಲ್ಪ ಪ್ರಮಾಣದ ಕಿರಣವೂ ಸಾಕಾಯಿತು. ಇದನ್ನು ನೀವು ಚೆನ್ನಾಗಿ ನೆನಪಿಡಬೇಕು. ‘ನನಗೆ ಬಿಸಿಲು ತಾಗುವುದೇ ಇಲ್ಲ, ಉರಿಯೇ ಆಗುವುದಿಲ್ಲ’ ಎನ್ನುವವರ ಒಳಚರ್ಮದಲ್ಲಿಯೂ ಕತ್ತರಿ ನಡೆಯುತ್ತಿರಬಹುದು.

ಕಡಿದುಹೋದುದನ್ನು ಶರೀರವು ದುರಸ್ತಿ ಮಾಡುವುದಿಲ್ಲವೇ? ಮಾಡುತ್ತದೆ. ಆದರೆ ಹರಿದ ಗೋಣಿಚೀಲಕ್ಕೆ ತೇಪೆ ಹಾಕಿದಂತೆ, ಅದು ಮೊದಲಿನ ಹೆಣಿಗೆಯಾಗುವುದಿಲ್ಲ. ಜೊತೆಗೆ ಬಿಸಿಲು ಬಿದ್ದ ದಿನಗಳಲ್ಲಿ ಹೊಸ ಕೊಲಾಜೆನ್ನಿನ ತಯಾರಿಕೆಯೂ ಕುಗ್ಗುತ್ತದೆ. ಕಡಿಯುವುದು ಹೆಚ್ಚಿ, ಹೆಣೆಯುವುದು ಕಡಿಮೆಯಾದರೆ ಗತಿಯೇನು? ಇನ್ನೂ ಒಂದು ತೊಡಕುಂಟು. ನಾರುಜನಕ ಕೋಶವು ಬಿಗಿದ ನಾರುಗಳನ್ನು ಹಿಡಿದುಕೊಂಡು ಚಾಚಿ ನಿಂತಿದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಸುತ್ತಲಿನ ನಾರುಗಳು ಚೂರಾದಾಗ ಅದು ಗೂಟ ಕಿತ್ತ ಡೇರೆಯಂತೆ ಕುಸಿದು ಮುದುಡಿಕೊಳ್ಳುತ್ತದೆ. ಮುದುಡಿದ ಕೋಶ ನಾರನ್ನು ಕಡಿಮೆ ತಯಾರಿಸಿ, ಕತ್ತರಿಯ ಕಿಣ್ವವನ್ನು ಹೆಚ್ಚಾಗಿ ಬಿಡುತ್ತದೆ. ಹೀಗೆ ಹಾನಿಯಿಂದಲೇ ಹಾನಿ ಬೆಳೆಯುವುದು. ಕೊಲಾಜೆನ್ ಇಳಿದ ಜಾಗದಲ್ಲಿ ಸ್ಥಿತಿಸ್ಥಾಪಕ ನಾರುಗಳು ಗಂಟುಗಂಟಾಗಿ ತುಂಬಿಕೊಂಡು ಚರ್ಮವು ದಪ್ಪಗೆ, ಹಳದಿಛಾಯೆಯಿಂದ, ಆಳದ ಗೆರೆಗಳಿಂದ ಕೂಡುತ್ತದೆ. ರೈತನ ಕತ್ತಿನಲ್ಲಿ ಕಾಣುವುದು ಇದೇ.

ವಯಸ್ಸಿನ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂಬ ಸಂದೇಹ ಇನ್ನೂ ಉಳಿದಿದ್ದರೆ ಲಾರಿ ಚಾಲಕರೊಬ್ಬರ ಸಂಗತಿಯನ್ನು ಕೇಳಿರಿ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅರವತ್ತೊಂಬತ್ತು ವರ್ಷದ ಅವರ ಭಾವಚಿತ್ರ ಪ್ರಕಟವಾಯಿತು. ಇಪ್ಪತ್ತೆಂಟು ವರ್ಷ ಸರಕು ಸಾಗಿಸುವ ಲಾರಿಯನ್ನು ಓಡಿಸಿದವರು. ಆ ದೇಶದಲ್ಲಿ ಚಾಲಕನು ಎಡಬದಿಯಲ್ಲಿ ಕುಳಿತುಕೊಳ್ಳುವುದರಿಂದ ಕಿಟಕಿಯ ಬಿಸಿಲು ಎಡಗೆನ್ನೆಗೆ ಬೀಳುತ್ತಿತ್ತು. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿತ್ತು. ಎಡಭಾಗ ಇಳಿಬಿದ್ದು, ಆಳವಾಗಿ ಸುಕ್ಕುಗಟ್ಟಿ, ಬೇರೊಬ್ಬ ವೃದ್ಧರ ಮುಖದಂತೆ ಕಾಣುತ್ತಿತ್ತು. ಸಾಮಾನ್ಯ ಕಿಟಕಿಯ ಗಾಜು ‘ಬಿ’ ಕಿರಣವನ್ನು ತಡೆಯುತ್ತದೆ, ‘ಎ’ ಕಿರಣವನ್ನು ಒಳಗೆ ಬಿಡುತ್ತದೆ. ನಮ್ಮ ದೇಶದಲ್ಲಿ ಚಾಲಕರ ಬಲಗೆನ್ನೆಗೂ ಬಲತೋಳಿಗೂ ಈ ಹಾನಿ ಆಗಬೇಕು. ಮನೆಯಲ್ಲಿ ಚಾಲಕರಿದ್ದರೆ ಎರಡು ಕೆನ್ನೆಗಳನ್ನೂ ಹೋಲಿಸಿ ನೋಡಿರಿ.

ಕಪ್ಪು ಬಣ್ಣವೆಂಬ ಕೊಡೆ

ನಮ್ಮ ಜನರಲ್ಲಿ ಬಿಳುಪಿನ ವ್ಯಾಮೋಹ ಇನ್ನೂ ಹೋಗಿಲ್ಲ. ಮೇಲ್ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಒಳಚರ್ಮಕ್ಕೆ ಕೊಡೆ ಹಿಡಿದಂತೆ. 1979ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಬಿಳಿಯರ ಮೇಲ್ಚರ್ಮದ ಮೂಲಕ ‘ಎ’ ಕಿರಣದ ಅರ್ಧಕ್ಕಿಂತ ಹೆಚ್ಚು ಪಾಲು ಕೆಳಗಿಳಿದರೆ, ಕಪ್ಪುವರ್ಣದವರ ಮೇಲ್ಚರ್ಮದ ಮೂಲಕ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ ಇಳಿಯಿತು. ಆದುದರಿಂದ ಕಪ್ಪು ಮೈಬಣ್ಣದವರಿಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಕೊಡೆಯಲ್ಲಿ ತೂತುಗಳಿವೆ. ದಿನಕ್ಕೆ ಎಂಟು ಗಂಟೆಗಳಂತೆ ಇಪ್ಪತ್ತು ವರ್ಷ ಬಿಸಿಲಿನಲ್ಲಿ ದುಡಿದರೆ ಇಳಿದಷ್ಟೇ ಸಾಕಾಗುತ್ತದೆ.

ಹೆಣ್ಣುಮಕ್ಕಳಲ್ಲಿ ಬಸಿರಿನ ಕಾಲದಲ್ಲಿ ಕೆನ್ನೆಗಳ ಮೇಲೆ ಕಂದುಬಣ್ಣದ ಬಂಗು ಕಾಣಿಸಿಕೊಳ್ಳುವುದುಂಟು. ಮಾಲಾ-ಎನ್‌ನಂತಹ ಗರ್ಭನಿರೋಧಕ ಮಾತ್ರೆಗಳನ್ನು ನುಂಗುವ ಕೆಲವರಲ್ಲಿಯೂ ಉಂಟಾಗುತ್ತದೆ. ಹಾರ್ಮೋನು ಮತ್ತು ಬಿಸಿಲು ಇವೆರಡೂ ಸೇರಿದಾಗ ಅದು ಗಾಢವಾಗುವುದು. ಬಂಗು ಬಂದಿತೆಂದು ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟು, ಬೇಡದ ಬಸಿರನ್ನು ಹೊತ್ತುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿರಿ. ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಿರಿ. ಹಾರ್ಮೋನು ಇಲ್ಲದ ತಾಮ್ರದ ವಂಕಿ, ನಿರೋಧ್ ಮುಂತಾದ ಬೇರೆ ವಿಧಾನಗಳಿವೆ.

ಬಂಗಿಗಿಂತಲೂ ಕೆಟ್ಟುದು ಅದಕ್ಕೆ ಹಚ್ಚುವ ಮುಲಾಮು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಬಿಳುಪಿನ ಮುಲಾಮುಗಳಲ್ಲಿ ಅನೇಕ ವೇಳೆ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಮೊದಲ ವಾರಗಳಲ್ಲಿ ಮುಖ ತಿಳಿಯಾಗುವುದು ನಿಜ. ಆದರೆ ಸ್ಟಿರಾಯ್ಡ್ ಕೂಡ ಕೊಲಾಜೆನ್ನಿನ ತಯಾರಿಕೆಯನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳುವಾಗಿ, ರಕ್ತನಾಳಗಳು ಕೆಂಪಗೆ ಎದ್ದು ಕಂಡು, ಬಿಸಿಲಿಗೆ ಹೋದೊಡನೆ ಮುಖ ಉರಿಯತೊಡಗುವುದು. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮವಿದ್ದರೂ ಕೊಳ್ಳುವವರೇ ಎಚ್ಚರವಾಗಿರಬೇಕು. ಕೊಲಾಜೆನ್ ಪುಡಿ ಕುಡಿದರೆ ಸುಕ್ಕು ಹೋಗುವುದೆಂಬ ಜಾಹೀರಾತುಗಳನ್ನೂ ಈಗ ನೋಡುತ್ತೇವೆ. ಕುಡಿದ ಕೊಲಾಜೆನ್ ಹೊಟ್ಟೆಯಲ್ಲಿ ಬೇಳೆಯ ಮತ್ತು ಮೊಟ್ಟೆಯ ಸಸಾರಜನಕದಂತೆಯೇ ಜೀರ್ಣವಾಗುತ್ತದೆ. ಅಷ್ಟು ಹಣ ಕೊಡುವ ಬದಲು ಮನೆಯವರೆಲ್ಲ ಬೇಳೆ, ಶೇಂಗಾ, ಮೊಟ್ಟೆ ತಿನ್ನಬಹುದು. ಹುರಿಯನ್ನು ಹೊಸೆಯಲು ‘ಸಿ’ ಜೀವಸತ್ವ ಬೇಕೇ ಬೇಕು. ಅದು ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣುಗಳಲ್ಲಿ ಹೇರಳವಾಗಿದೆ.

ದುಡಿಯುವವರು ಬಿಸಿಲನ್ನು ಬಿಡಲಾದೀತೇ?

ಬಿಡಲಾಗದು, ಪೂರ್ತಿಯಾಗಿ ಬಿಡಲೂಬಾರದು. ಎಲುಬುಗಳಿಗೆ ಬೇಕಾದ ‘ಡಿ’ ಜೀವಸತ್ವವು ಚರ್ಮದಲ್ಲಿ ತಯಾರಾಗುವುದು ಬಿಸಿಲಿನಿಂದಲೇ. ಆದರೆ ಅದಕ್ಕೆ ಇಡೀ ಮಧ್ಯಾಹ್ನ ಬೇಕಿಲ್ಲ.

ಗಡಿಯಾರವಿಲ್ಲದೆಯೂ ಅಳೆಯುವ ಉಪಾಯವೊಂದಿದೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ಪ್ರಬಲವಾಗಿದೆಯೆಂದು ತಿಳಿಯಿರಿ. ನೆರಳು ಉದ್ದವಾಗಿದ್ದಾಗ ಅದು ದುರ್ಬಲ. ಹೊಲದ ಕೆಲಸವನ್ನು ನಸುಕಿನಲ್ಲಿಯೇ ಆರಂಭಿಸಿ, ನೆರಳು ತೀರ ಗಿಡ್ಡವಾದ ಹೊತ್ತಿನಲ್ಲಿ ಹೊಂಗೆಯ ಅಥವಾ ಹುಣಿಸೆಯ ದಟ್ಟ ನೆರಳಿನಲ್ಲಿ ಬುತ್ತಿ ಬಿಚ್ಚುವ ನಮ್ಮ ಹಿರಿಯರ ಕ್ರಮವು ಈ ದೃಷ್ಟಿಯಿಂದಲೂ ಸರಿಯಾದುದು. ತಂಗಾಳಿ ಬೀಸುವ ದಿನ, ತೆಳುಮೋಡದ ದಿನ ಮೈ ತಣ್ಣಗಿರುತ್ತದೆ. ಆದರೆ ಕಿರಣ ಬರುತ್ತಲೇ ಇರುತ್ತದೆ. ನೀರು ಕೂಡ ಕಾಪಾಡುವುದಿಲ್ಲ. ಅರ್ಧ ಮೀಟರ್ ಆಳದಲ್ಲಿಯೂ ನೂರಕ್ಕೆ ನಲವತ್ತರಷ್ಟು ಕಿರಣವಿರುವುದರಿಂದ ಗದ್ದೆಯ ಕೆಸರುನೀರಿನಲ್ಲಿ ನಿಂತವರು ಬಾಗಿದ ಬೆನ್ನನ್ನೂ ಕತ್ತನ್ನೂ ಮರೆಯಬಾರದು.

ಎಲ್ಲಕ್ಕಿಂತ ಉತ್ತಮ ರಕ್ಷಣೆಯೆಂದರೆ ಬಟ್ಟೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಆಚೆಯ ಬೆಳಕು ಚೆನ್ನಾಗಿ ಕಂಡರೆ ಕಿರಣವೂ ಹಾಯುತ್ತದೆ. ದಟ್ಟ ನೇಯ್ಗೆಯ, ಗಾಢ ಬಣ್ಣದ, ಸಡಿಲವಾದ ಹತ್ತಿಬಟ್ಟೆ ಒಳ್ಳೆಯದು. ಬೆವರಿಗೆ ನೆನೆದ ತೆಳುಬಟ್ಟೆ ಹೆಚ್ಚು ಕಿರಣವನ್ನು ಬಿಡುತ್ತದೆ. ತಲೆಗೆ ರುಮಾಲು ಸುತ್ತುವವರು ಅದರ ಒಂದು ಚುಂಗನ್ನು ಕತ್ತಿನ ಮೇಲೆ ಇಳಿಬಿಡಬೇಕು. ಅಂಚಿಲ್ಲದ ಹಾಳೆಟೋಪಿ ನೆತ್ತಿಯನ್ನು ಕಾಯುತ್ತದೆ, ಕಿವಿಯನ್ನೂ ಕತ್ತನ್ನೂ ಕಾಯುವುದಿಲ್ಲ. ಹೆಂಗಸರು ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಕೆಲಸಕ್ಕೆ ಹೋಗುವುದನ್ನು ಕೆಲವರು ಹಾಸ್ಯ ಮಾಡುವರು. ಅದಕ್ಕಿಂತ ಅಗ್ಗವಾದ, ಉತ್ತಮವಾದ ಉಪಾಯ ನನಗೆ ತಿಳಿದಿಲ್ಲ.

ಬಿಸಿಲು ತಡೆಯುವ ಕ್ರೀಮು ನಿಜವಾಗಿಯೂ ಉಪಯುಕ್ತವಾದುದು. ಆಸ್ಟ್ರೇಲಿಯದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ ನಡೆದ, 903 ಜನರ ಚರ್ಮವನ್ನು ಅಳೆದ ಪರೀಕ್ಷೆಯಲ್ಲಿ, ದಿನವೂ ಅದನ್ನು ಹಚ್ಚಿದವರ ಚರ್ಮದ ಮುಪ್ಪು ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ ನೂರಕ್ಕೆ 24ರಷ್ಟು ಕಡಿಮೆಯಿತ್ತು. ಕೊಳ್ಳಬಲ್ಲವರು ‘ಎ’ ಮತ್ತು ‘ಬಿ’ ಎರಡನ್ನೂ ತಡೆಯುವಂಥದನ್ನು ಕೊಳ್ಳಲಿ. ಕೊಳ್ಳಲಾರದವರು ಬಟ್ಟೆಯನ್ನು ನಂಬಲಿ. ಸುಕ್ಕನ್ನು ತುಸು ಹಿಮ್ಮೆಟ್ಟಿಸುವ ಟ್ರೆಟಿನಾಯಿನ್ ಎಂಬ ಮುಲಾಮೂ ಇದೆ. ಅದನ್ನು ವೈದ್ಯರ ಸಲಹೆಯಿಂದಲೇ ಹಚ್ಚಬೇಕು. ಬಸುರಿಯರೂ, ಮಗುವನ್ನು ಬಯಸುತ್ತಿರುವವರೂ ಹಚ್ಚಕೂಡದು. ಬೀಡಿ ಸೇದುವ ಗಂಡಸರಿಗೆ ಒಂದು ಮಾತು: ತಂಬಾಕಿನ ಹೊಗೆಯೂ ಅದೇ ಕೊಲಾಜಿನೇಸ್ ಕತ್ತರಿಯನ್ನು ಹೊರತರುತ್ತದೆ.

ಆರಂಭದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡುತ್ತಿರಿ. ಒಬ್ಬರು ಇನ್ನೊಬ್ಬರ ಕತ್ತು, ಕಿವಿಯ ಹಿಂಭಾಗ, ಮೂಗು, ಕೆಳತುಟಿಗಳನ್ನು ನೋಡಬೇಕು. ಸುಕ್ಕು ಕಂಡರೆ ಹೆದರಬೇಕಾಗಿಲ್ಲ. ಆದರೆ ಒಂದು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಒಸರುವ ಗಂಟು, ಬೆಳೆಯುತ್ತಿರುವ ಅಥವಾ ಬಣ್ಣ ಬದಲಿಸುತ್ತಿರುವ ಮಚ್ಚೆ ಕಂಡುಬಂದಲ್ಲಿ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ತೋರಿಸಿರಿ. ಬರುವಾಗ ಮುಖಕ್ಕೆ ಹಚ್ಚುತ್ತಿರುವ ಮುಲಾಮು ಯಾವುದಾದರೂ ಇದ್ದರೆ ಅದರ ಟ್ಯೂಬನ್ನೂ ಜೊತೆಗೆ ತನ್ನಿರಿ.